ಮುನಿಸಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

1998ರ ಬೇಸಗೆ. ನಾನು ಉಪಾಧ್ಯಾಯ ತರಬೇತಿ ಮುಗಿಸಿ ಶಾಲೆಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಇಂಗ್ಲಿಷಿನಲ್ಲಿ ಕಾಗದ ಬರೆಸಬೇಕಾದರೆ ಶಾಲೆಯ ಮೇಷ್ಟ್ರ ಬಳಿಗೆ ಹೋಗುವ ವಾಡಿಕೆ ನಮ್ಮ ರಾಯದುರ್ಗದ ಸೀಮೆಯ ಹಳ್ಳಿಗಳಲ್ಲಿ ಆಗ ಇನ್ನೂ ಉಳಿದಿತ್ತು. ಒಂದು ಸಂಜೆ ಊರಿನ ಹಿರಿಯ ರೈತರೊಬ್ಬರು ಇನ್‌ಲ್ಯಾಂಡ್ ಕಾಗದವೊಂದನ್ನು ಹಿಡಿದುಕೊಂಡು ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕುಳಿತರು. ಅವರ ತಮ್ಮ ಬಹುಕಾಲದ ಹಿಂದೆಯೇ ಹೈದರಾಬಾದಿಗೆ ಹೋಗಿ ನೆಲೆಸಿ, ಎರಡು ವರ್ಷದ ಕೆಳಗೆ ಅಲ್ಲಿಯೇ ತೀರಿಕೊಂಡಿದ್ದರು. ತಮ್ಮನ ಮಗ ಅಲ್ಲಿ ಹುಟ್ಟಿ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಮನೆಯಲ್ಲಿ ಕನ್ನಡ ಮಾತನಾಡುತ್ತಿದ್ದರೂ ಕನ್ನಡದ ಅಕ್ಷರ ಅವರಿಗೆ ಬಾರದು. ದೊಡ್ಡಪ್ಪನಿಗೆ ಕನ್ನಡದ ಸಹಿಯ ಹೊರತು ಬೇರೆ ಬರವಣಿಗೆ ಬಾರದು. ಮಗಳ ಮದುವೆ ಗೊತ್ತಾಗಿತ್ತು. ತಮ್ಮನ ಮಗನನ್ನು ಕರೆಯಬೇಕು, ನೀವೇ ಬರೆದುಕೊಡಿ ಎಂದರು.

"ಹಿಂಗ ಬರೀರಿ ಮೇಷ್ಟ್ರೇ," ಎಂದು ಅವರು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ನಿಮ್ಮಪ್ಪಗೂ ನನಗೂ ಸೊಲ್ಪ ಮುನಿಸಿತ್ತಪ್ಪಾ. ಅದು ಅವನ ಸಂಗಡ್ಲೇ ಹೋತು. ನಿನ್ನ ತಂಗಿ ಮದುವಿ ಐತಿ. ನೀನು ಬಂದು ಮುಂದ ನಿಂತು ಮಾಡಬೇಕು."

ಅಣ್ಣ-ತಮ್ಮಂದಿರ ಆ ಮುನಿಸು ಊರಿಗೆಲ್ಲ ತಿಳಿದಿದ್ದುದೇ. ಸಮಪಾಲಿನ ಬಾವಿಯ ನೀರಿನ ಸರದಿಗಾಗಿ ಮಾತಿಗೆ ಮಾತು ಬೆಳೆದು, ಐದಾರು ವರ್ಷ ಒಬ್ಬರೊಡನೊಬ್ಬರು ಮಾತನಾಡದೆ ಇದ್ದರು. ನನ್ನ ಬಳಿ ಕೈಗಡಿತದ ಕನ್ನಡ-ಇಂಗ್ಲಿಷ್ ನಿಘಂಟೊಂದಿತ್ತು. ಅದರಲ್ಲಿ 'ಮುನಿಸು' ಎಂಬುದಕ್ಕೆ 'ಆ್ಯಂಗರ್' ಎಂದಷ್ಟೇ ಇತ್ತು. ಐದಾರು ವರ್ಷ ಮಾತು ಬಿಟ್ಟದ್ದಕ್ಕೆ ಬರಿಯ ಕೋಪವೆಂದರೆ ಸಾಲದು ಎನಿಸಿತು. ಹಾಳೆ ತಿರುವಿ 'ಹಗೆ', 'ವೈರ', 'ವೈಮನಸ್ಯ' ಮುಂತಾದವುಗಳನ್ನು ನೋಡಿದೆ. ಎಲ್ಲಕ್ಕೂ ಒಂದೇ ಉತ್ತರ: 'ಎನ್ಮಿಟಿ'. ಪದ ತೂಕದ್ದಾಗಿಯೂ ಕಾಣಿಸಿತು. ಹೊಸ ಮೇಷ್ಟ್ರಿಗೆ ತೂಕದ ಪದದ ಮೇಲೆ ಇರುವ ಮೋಹವನ್ನು ಬಲ್ಲವರು ಬಲ್ಲರು. 'ನಿನ್ನ ತಂದೆಗೂ ನನಗೂ ಎನ್ಮಿಟಿ ಇತ್ತು, ಅದು ಅವನೊಂದಿಗೆ ಸತ್ತಿತು' ಎಂಬ ಅರ್ಥ ಬರುವಂತೆ ಬರೆದೆ. 'ನಿನ್ನ ತಂಗಿ' ಎಂಬುದನ್ನು ಕೂಡ, ಇಂಗ್ಲಿಷಿನವರು ದೊಡ್ಡಪ್ಪನ ಮಗಳನ್ನು ತಂಗಿಯೆನ್ನುವುದಿಲ್ಲವೆಂದು, 'ನನ್ನ ಮಗಳು' ಎಂದು ತಿದ್ದಿದೆ. ಅದು ಇನ್ನೊಂದು ತಪ್ಪು.

ತಮ್ಮನ ಮಗ ಮದುವೆಗೆ ಬರಲಿಲ್ಲ. ಕಾಗದಕ್ಕೆ ಉತ್ತರವೂ ಬರಲಿಲ್ಲ.

ಐದು ವರ್ಷದ ಮೇಲೆ, 2003ರಲ್ಲಿ, ಹೊಲದ ಪಾಲಿನ ಕಾಗದಪತ್ರಕ್ಕೆ ಸಹಿ ಮಾಡಲೆಂದು ಆತ ಊರಿಗೆ ಬಂದರು. ಮಾತು ಬೆಳೆಯುತ್ತ ಆ ಹಳೆಯ ಇನ್‌ಲ್ಯಾಂಡ್ ಕಾಗದವನ್ನು ಕಿಸೆಯಿಂದ ತೆಗೆದು ದೊಡ್ಡಪ್ಪನ ಮುಂದಿಟ್ಟು, "ಅಪ್ಪ ಹೋದಾಗ ನೀವು ಹೈದರಾಬಾದಿಗೆ ಬಂದು ಹೆಗಲು ಕೊಟ್ಟಿರಿ, ಅತ್ತಿರಿ. ಆಮೇಲೆ ನಿಮ್ಮಪ್ಪ ನನಗೆ ಶತ್ರುವಾಗಿದ್ದ, ಅವನು ಸತ್ತದ್ದರಿಂದ ಮುಗಿಯಿತು ಅಂತ ಬರೆಸಿದಿರಿ. ಹಾಗಾದರೆ ಆ ಅಳು ಏನು ದೊಡ್ಡಪ್ಪಾ?" ಎಂದು ಕೇಳಿದರಂತೆ. ನನ್ನನ್ನು ಕರೆಸಿದರು. ಹಿರಿಯರು ಬೈಯಲಿಲ್ಲ. "ಮೇಷ್ಟ್ರೇ, ನಾನು ಹಂಗಂದಿದ್ನೇನ್ರೀ?" ಎಂದು ಮಾತ್ರ ಕೇಳಿದರು.

ಅವರು ಹಾಗೆ ಅಂದಿರಲಿಲ್ಲ. ನಡೆದುದನ್ನು ಬಿಚ್ಚಿ ಹೇಳಿದೆ. ತಮ್ಮನ ಮಗ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಮುನಿಸಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು ಸಾರ್?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಈ ಇಪ್ಪತ್ತು ವರ್ಷಗಳಲ್ಲಿ ತಿಳಿದುಕೊಂಡದ್ದರಲ್ಲಿ ಕೆಲವನ್ನು ವಾಚಕರ ಮುಂದಿಡುತ್ತಿದ್ದೇನೆ. ಗಡಿಯ ಈಚೆಗಿರುವ ನಮ್ಮ ಮನೆಗಳಲ್ಲಿ ಅಕ್ಷರ ಬೇರೆಬೇರೆಯಾದ ಬಂಧುಗಳು ಈಗ ಒಂದೆರಡು ಕುಟುಂಬಗಳಲ್ಲಿ ಮಾತ್ರವೇ ಇಲ್ಲ.

ಮೊದಲಿಗೆ 'ಎನ್ಮಿಟಿ'ಯನ್ನೇ ನೋಡೋಣ. 'ಎನಿಮಿ' ಎಂಬ ಪದ ಲ್ಯಾಟಿನ್ ಭಾಷೆಯ 'ಇನಿಮಿಕುಸ್' ಎಂಬುದರಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. 'ಅಮಿಕುಸ್' ಎಂದರೆ ಗೆಳೆಯ. ಗೆಳೆಯನಲ್ಲದವನು ಇನಿಮಿಕುಸ್. ಸಂಸ್ಕೃತದಲ್ಲಿಯೂ ಇದೇ ಕ್ರಮವಿದೆ: ಮಿತ್ರನಲ್ಲದವನು ಅಮಿತ್ರ. ಪದವನ್ನು ಬಿಡಿಸಿ ನೋಡಿದರೆ ಎರಡೂ ಬಲು ಸಾಧುವಾಗಿವೆ. ಗೆಳೆಯನಲ್ಲ ಎಂದಷ್ಟೇ ಅಲ್ಲವೇ ಹೇಳಿದ್ದು! ಆದರೆ ಬಳಕೆಯಲ್ಲಿ ಎರಡೂ ಕತ್ತಿ ಹಿಡಿದ ಪದಗಳು. ಇದಕ್ಕೆ ಪ್ರತಿಯಾಗಿ 'ಅನ್‌ಫ್ರೆಂಡ್ಲಿ' ಎಂಬ ಪದವೂ ಗೆಳೆಯನಂತಲ್ಲ ಎಂದೇ ಹೇಳುತ್ತದೆ, ಅದರಲ್ಲಿ ಕತ್ತಿಯಿಲ್ಲ. ಬಸ್ಸಿನಲ್ಲಿ ಪಕ್ಕದವರು ಮುಖ ಕೊಟ್ಟು ಮಾತನಾಡದಿದ್ದರೆ ಅನ್‌ಫ್ರೆಂಡ್ಲಿ ಎನ್ನಬಹುದು. ಅವರನ್ನು ಎನಿಮಿ ಎಂದರೆ ಹುಚ್ಚುತನ. ರಾಜ್ಯ ರಾಜ್ಯಗಳ ವ್ಯವಹಾರದಲ್ಲಿಯೂ ಈ ಅಂತರವನ್ನು ಕಾಯ್ದುಕೊಳ್ಳುತ್ತಾರೆ. ಒಂದು ದೇಶದ ನಡತೆಯನ್ನು ಇನ್ನೊಂದು ದೇಶ 'ಅನ್‌ಫ್ರೆಂಡ್ಲಿ ಆ್ಯಕ್ಟ್' ಎಂದು ಕರೆದರೆ ಅದು ಅಸಮಾಧಾನದ ಮಾತು. 'ಹಾಸ್ಟೈಲ್ ಆ್ಯಕ್ಟ್' ಎಂದು ಕರೆದರೆ ಯುದ್ಧದ ವಾಸನೆ ಬಡಿಯುತ್ತದೆ. ದೊಡ್ಡ ದೊಡ್ಡ ರಾಯಭಾರಿಗಳು ಪದವನ್ನು ತೂಗಿ ಬಳಸುವಾಗ, ಹಳ್ಳಿಯ ಮೇಷ್ಟ್ರು ತೂಗದೆ ಬಳಸಿದ್ದು ಹೇಗೆ ಸರಿಯಾದೀತು?

ಈ 'ಹಾಸ್ಟೈಲ್' ಎಂಬ ಪದದ ಹುಟ್ಟು ಸ್ವಾರಸ್ಯವಾದುದು. ಲ್ಯಾಟಿನ್ನಿನ 'ಹೋಸ್ತಿಸ್' ಎಂಬುದು ಇದರ ಮೂಲ. ಅದಕ್ಕೆ ಬಹಳ ಹಿಂದೆ ಪರದೇಶದವನು, ಹೊರಗಿನವನು ಎಂಬ ಅರ್ಥವಿದ್ದು, ಬರಬರುತ್ತ ಶತ್ರು ಎಂದಾಯಿತು. ಇಂಗ್ಲಿಷಿನ 'ಗೆಸ್ಟ್', ಎಂದರೆ ಅತಿಥಿ, ಅದೇ ಬೇರಿನಿಂದ ಒಡೆದ ಇನ್ನೊಂದು ಟಿಸಿಲು. ಮನೆಯ ಬಾಗಿಲಿಗೆ ಬಂದ ಅಪರಿಚಿತನಿಗೆ ಒಬ್ಬರು ಮಣೆ ಹಾಕಿದರು, ಒಬ್ಬರು ಬಡಿಗೆ ಎತ್ತಿದರು. ಪದ ಎರಡಾಯಿತು ಎಂದು ಮಕ್ಕಳಿಗೆ ಹೇಳುತ್ತೇನೆ. ನಮ್ಮ ರೈತರಿಗೆ ಈ ಪದ ಕೋರ್ಟಿನಿಂದ ಪರಿಚಯ. 'ಸಾಕ್ಷಿ ಹಾಸ್ಟೈಲ್ ಆದ' ಎಂದು ಓದುಬರಹವಿಲ್ಲದವರೂ ಹೇಳುವುದನ್ನು ಕೇಳಿದ್ದೇನೆ. ಅಲ್ಲಿ ಅದರ ಅರ್ಥ ಹಗೆಯಲ್ಲ. ಕರೆತಂದವರ ಪರವಾಗಿ ನುಡಿಯದೆ ತಿರುಗಿಬಿದ್ದ ಎಂದಷ್ಟೇ. ಒಂದೇ ಪದ ಕೋರ್ಟಿನೊಳಗೆ ಒಂದು ತೂಕ, ಹೊರಗೆ ಒಂದು ತೂಕ.

'ಫ್ರೆಂಡ್' ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಪ್ರೀತಿಸುವವನು ಎಂದರ್ಥ. ಅದಕ್ಕೆ ಜೋಡಿಯಾಗಿ ದ್ವೇಷಿಸುವವನು ಎಂಬ ಅರ್ಥದಲ್ಲಿ ಇದ್ದ ಪದವೇ 'ಫೀಂಡ್'. ಇಂದು ಆ ಪದ ಪಿಶಾಚಿಗೆ, ಪರಮ ಕ್ರೂರಿಗೆ ಮೀಸಲು. ಜೋಡಿಯಲ್ಲಿ ಒಂದು ಮನೆಯಲ್ಲಿಯೇ ಉಳಿಯಿತು, ಇನ್ನೊಂದು ಸ್ಮಶಾನ ಸೇರಿತು. 'ಆ್ಯನಿಮಾಸಿಟಿ' ಎಂಬ ಪದದ ನಡೆ ಇನ್ನೂ ವಿಚಿತ್ರ. ಅದು ಮೊದಲು ಕೆಚ್ಚು, ಧೈರ್ಯ ಎಂಬ ಅರ್ಥದ ಪದವಾಗಿದ್ದು, ಆಮೇಲೆ ತೀವ್ರವಾದ ಹಗೆತನವೆಂದಾಯಿತು. ಇದನ್ನು ಓದಿದಾಗ ನನಗೆ ನಮ್ಮ 'ವೈರ' ನೆನಪಾಯಿತು. ಸಂಸ್ಕೃತದ 'ವೈರ' ಹುಟ್ಟಿದ್ದು 'ವೀರ' ಎಂಬುದರಿಂದಲೇ. ಮಡಕಶಿರದ ಸೀಮೆಯ ಹೇಮಾವತಿ ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದ ಊರು. ಆ ಅರಸರ ಕಾಲದ ವೀರಗಲ್ಲುಗಳಲ್ಲಿ ಕೆತ್ತಿರುವ ಕಾದಾಟಗಳನ್ನು ನೋಡಿದವರಿಗೆ ವೀರಕ್ಕೂ ವೈರಕ್ಕೂ ನಡುವೆ ಎಷ್ಟು ದೂರವೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು 'ರೈವಲ್'. ಲ್ಯಾಟಿನ್ನಿನಲ್ಲಿ 'ರೀವುಸ್' ಎಂದರೆ ಹಳ್ಳ, ಕಾಲುವೆ. ಒಂದೇ ಕಾಲುವೆಯ ನೀರನ್ನು ಬಳಸುವ ಇಬ್ಬರು ರೈತರು ಒಬ್ಬರಿಗೊಬ್ಬರು ರೈವಲ್. ನೀರು ಹಂಚಿಕೊಳ್ಳುವವನು ಎಂಬ ಪದವೇ ಕೊನೆಗೆ ಪೈಪೋಟಿಗೆ ನಿಂತವನು ಎಂಬ ಅರ್ಥಕ್ಕೆ ತಿರುಗಿತು. ಇದನ್ನು ಲಂಡನ್ನಿನ ಪಂಡಿತರು ವಿವರಿಸುವುದಕ್ಕಿಂತ ನಮ್ಮ ವೇದಾವತಿಯ ಕೆಳಗಿನ ಗದ್ದೆಯವರು ಚೆನ್ನಾಗಿ ವಿವರಿಸಬಲ್ಲರು. ಕನ್ನಡದ 'ದಾಯಾದಿ'ಯ ಕಥೆಯೂ ಇದೇ ಅಲ್ಲವೇ? ದಾಯವೆಂದರೆ ಪಿತ್ರಾರ್ಜಿತದ ಪಾಲು. ಪಾಲಿಗೆ ಹಕ್ಕುದಾರನಾದವನೇ ದಾಯಾದ, ದಾಯಾದಿ. ಅದರಲ್ಲಿ ದ್ವೇಷದ ಮಾತೇ ಇಲ್ಲ. ಆದರೂ 'ದಾಯಾದಿ ಮತ್ಸರ' ಎಂದರೆ ಕೌರವ-ಪಾಂಡವರು ಕಣ್ಣ ಮುಂದೆ ಬರುತ್ತಾರೆ. ನಮ್ಮ ಕಥೆಯ ಅಣ್ಣ-ತಮ್ಮಂದಿರು ಹೊಲಕ್ಕೂ ಬಾವಿಗೂ ಪಾಲುದಾರರು. ಎರಡು ಭಾಷೆಗಳ ಲೆಕ್ಕದಲ್ಲಿಯೂ ಅವರ ನಡುವೆ ಕಿತ್ತಾಟ ಬರಬೇಕಾದುದೇ.

ಇಷ್ಟು ಎದುರಾಳಿತನದ ಪದಗಳಾದುವು. ಆದರೆ ಇಂಗ್ಲಿಷಿನವರ ನಿಜವಾದ ಸಂಪತ್ತು ಇರುವುದು ಬೇರೆ ಕಡೆ. ಹಗೆಯೂ ಅಲ್ಲದ ಸ್ನೇಹವೂ ಅಲ್ಲದ ನಡುವಣ ಪ್ರದೇಶಕ್ಕೆ ಅವರಲ್ಲಿ ರಾಶಿ ಪದಗಳಿವೆ: ಕೋಲ್ಡ್, ಕೂಲ್, ಫ್ರಾಸ್ಟಿ, ಡಿಸ್ಟಂಟ್, ಅಲೂಫ್, ರಿಸರ್ವ್ಡ್. ಇವನ್ನು ಬಗೆಹರಿಸುವುದಕ್ಕೆ ಎರಡು ಅಳತೆ ಸಾಕು. ಒಂದು ಶೀತದ ಅಳತೆ, ಇನ್ನೊಂದು ದೂರದ ಅಳತೆ.

ಶೀತದ ಮಾತು ನಮ್ಮ ಮಕ್ಕಳಿಗೆ ಸುಲಭಕ್ಕೆ ಹತ್ತುವುದಿಲ್ಲ. ಅನಂತಪುರದ ಸೀಮೆಗೆ ಬೀಳುವ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಅದೂ ಬಿದ್ದ ವರ್ಷ. ಇಂಥ ನೆಲದಲ್ಲಿ ತಂಪು ಎನ್ನುವುದೇ ಸುಖ. 'ನಿನ್ನ ಹೊಟ್ಟೆ ತಣ್ಣಗಿರಲಿ' ಎಂದು ಅಜ್ಜಿ ಹರಸುತ್ತಾಳೆ. ಪಕ್ಕದ ಮನೆಯ ತೆಲುಗಿನ ಅವ್ವ 'ಚಲ್ಲಗಾ ಉಂಡು' ಎಂದು ಹರಸುತ್ತಾಳೆ. ನಮ್ಮಲ್ಲಿ ಕೆಟ್ಟ ಭಾವಗಳೆಲ್ಲ ಬಿಸಿ: ಹೊಟ್ಟೆಕಿಚ್ಚು, ಹೊಟ್ಟೆಯುರಿ, ಮನಸ್ತಾಪ. ಆರು ತಿಂಗಳು ಚಳಿಯಲ್ಲಿ ಒಲೆಯ ಮುಂದೆ ಕುಳಿತಿರುವ ನಾಡಿನವರಿಗೆ ಬೆಚ್ಚನೆಯದು ಪ್ರೀತಿ, ತಣ್ಣನೆಯದು ಅನಾದರ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕಕ್ಕೂ ರಷ್ಯಕ್ಕೂ ನಡೆದ ತಿಕ್ಕಾಟಕ್ಕೆ ಗುಂಡು ಹಾರದಿದ್ದರೂ ಸಮರವೆಂದು ಹೆಸರು ಬಂದು, ನಾವು ಅದನ್ನು 'ಶೀತಲ ಸಮರ' ಎಂದು ಕನ್ನಡಿಸಿಕೊಂಡೆವು. ಪತ್ರಿಕೆಗಳಲ್ಲಿ ಈಚೆಗೆ 'ತಣ್ಣನೆಯ ಸ್ವಾಗತ' ಎಂದು ಓದಿದಾಗಲೆಲ್ಲ, ಮೇ ತಿಂಗಳಿನಲ್ಲಿ ರಾಯದುರ್ಗಕ್ಕೆ ಬಂದ ಅತಿಥಿಗೆ ಅದಕ್ಕಿಂತ ಒಳ್ಳೆಯ ಸ್ವಾಗತ ಇನ್ನೇನಿದೆ ಎಂದು ನಗು ಬರುತ್ತದೆ.

ದೂರದ ಅಳತೆಯ ಪದಗಳಲ್ಲಿ 'ಅಲೂಫ್' ನನಗೆ ಬಹಳ ಮೆಚ್ಚಿಕೆಯಾದುದು. ಅದು ಹಡಗಿನವರ ಪದ. ಗಾಳಿಯ ಹೊಡೆತಕ್ಕೆ ದಡದ ಬಂಡೆಗೆ ಬಡಿಯದಂತೆ ಹಡಗನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ ದೂರ ನಿಲ್ಲಿಸುವುದಕ್ಕೆ ಹಾಗೆನ್ನುತ್ತಿದ್ದರು. ಆದುದರಿಂದ ಅಲೂಫ್ ಆಗಿರುವವನಿಗೆ ನಮ್ಮ ಮೇಲೆ ದ್ವೇಷವಿದೆಯೆಂದು ತಿಳಿಯಬಾರದು. ಬಡಿಯಬಾರದೆಂದು ದೂರ ನಿಂತವನು ಅವನು. ಕನ್ನಡದಲ್ಲಿ 'ಅಂಟಿಯೂ ಅಂಟದಂತೆ' ಎನ್ನುವುದು ಇದಕ್ಕೆ ಹತ್ತಿರ. ಸಂಸ್ಕೃತದ 'ಉದಾಸೀನ' ಎಂದರೆ ಬೇರೆಯಾಗಿ ಕುಳಿತವನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಿ, ಮಿತ್ರ, ಮಧ್ಯಮ, ಉದಾಸೀನ ಎಂದು ಅರಸರನ್ನು ವಿಂಗಡಿಸಿದಾಗ ಆ ಪದಕ್ಕೆ ಯಾವ ಕಳಂಕವೂ ಇರಲಿಲ್ಲ. ನಮ್ಮ ಆಡುಮಾತಿಗೆ ಬಂದಾಗ ಮಾತ್ರ 'ನನ್ನನ್ನು ಉದಾಸೀನ ಮಾಡಿದರು' ಎಂದರೆ ಅವಮಾನವಾಯಿತು. 'ರಿಸರ್ವ್ಡ್' ಎಂಬುದಂತೂ ಬೈಗುಳವೇ ಅಲ್ಲ. ಮಿತಭಾಷಿ ಎಂಬ ಹೊಗಳಿಕೆಯೂ ಆಗಬಹುದು. ರೈಲಿನ ರಿಸರ್ವ್ಡ್ ಡಬ್ಬಿಯನ್ನು ಮಾತ್ರ ಬಲ್ಲ ನಮ್ಮ ಹುಡುಗನೊಬ್ಬ, ಆ ಮನುಷ್ಯನನ್ನು ಯಾರೋ ಮೊದಲೇ ಕಾದಿರಿಸಿದ್ದಾರೆ ಎಂದು ಅರ್ಥ ಬರೆದಿದ್ದ. ಅರ್ಧ ಅಂಕ ಕೊಟ್ಟೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇಂಗ್ಲಿಷಿನ ಈ ನಡುವಣ ಪದಗಳನ್ನು ಹೆಚ್ಚಾಗಿ ಬಳಸುವುದು ಹೊಸಬರ, ನೆರೆಯವರ, ಕಛೇರಿಯವರ ನಡವಳಿಕೆಯನ್ನು ಕುರಿತು. ಇನ್ನೂ ಹತ್ತಿರ ಬಾರದವರು ಹತ್ತಿರ ಬರಲೊಲ್ಲರು ಎಂಬುದೇ ಅವುಗಳ ದೂರು. ಕನ್ನಡದ ಸಂಪತ್ತು ಇದಕ್ಕೆ ತಿರುಗುಮುರುಗು. ಹತ್ತಿರವಿದ್ದವರು ದೂರವಾದುದಕ್ಕೆ ನಮ್ಮಲ್ಲಿ ಪದಗಳ ಕೊರತೆಯಿಲ್ಲ. ಮುನಿಸು, ಮನಸ್ತಾಪ, ವೈಮನಸ್ಯ, ಒಡಕು, ಬಿರುಕು, ಎಣ್ಣೆ-ಸೀಗೆಕಾಯಿ. ಮುಖ ಗಂಟಿಕ್ಕುವುದು, ಮುಖ ತಿರುವುವುದು, ಮಾತು ಬಿಡುವುದು. ಇವುಗಳಲ್ಲಿ ಮುನಿಸು ಎಲ್ಲಕ್ಕಿಂತ ಎಳೆಯದು. ಪ್ರೀತಿಯಿಲ್ಲದ ಕಡೆ ಮುನಿಸು ಹುಟ್ಟುವುದೇ ಇಲ್ಲ. ಹೆಂಡತಿ ಗಂಡನ ಮೇಲೆ ಮುನಿಯಬಹುದು, ಮಗ ತಾಯಿಯ ಮೇಲೆ ಮುನಿಯಬಹುದು, ಭಕ್ತ ದೇವರ ಮೇಲೆಯೇ ಮುನಿಯಬಹುದು. ತಹಶೀಲ್ದಾರರ ಮೇಲೆ ಯಾರಾದರೂ ಮುನಿಸಿಕೊಂಡಾರೆಯೇ? ತೆಲುಗಿನವರು ಇದನ್ನು 'ಅಲಕ' ಎನ್ನುತ್ತಾರೆ. ಮದುವೆಯಲ್ಲಿ ಅಳಿಯ ಮುನಿಸಿಕೊಂಡು ಕುಳಿತು ಉಡುಗೊರೆ ಕೇಳುವುದಕ್ಕೆ 'ಅಲಕಪಾನ್ಪು' ಎಂದು ಶಾಸ್ತ್ರವನ್ನೇ ಮಾಡಿದ್ದಾರೆ. ಮುನಿದವನು ಒಲಿಯಲೇಬೇಕು, ಒಲಿಸುವವರು ಬರಲೇಬೇಕು ಎಂಬುದು ಆ ಪದದೊಳಗೇ ಇರುವ ಕರಾರು. 'ಆ್ಯಂಗರ್' ಎಂಬುದರಲ್ಲಿ ಈ ಕರಾರು ಇಲ್ಲ. 'ಸಲ್ಕ್' ಎಂಬುದು ಹತ್ತಿರ ಬಂದರೂ ಅದರಲ್ಲಿ ಚಿಕ್ಕ ಮಕ್ಕಳ ಹಟದ ಛಾಯೆಯಿದೆ. ಅರವತ್ತು ವರ್ಷದ ರೈತನ ಬಾಯಿಗೆ ಒಪ್ಪುವುದಿಲ್ಲ.

'ಹಗೆ' ಬೇರೆಯ ಜಾತಿಯದು. ಹಳಗನ್ನಡದ 'ಪಗೆ'ಯೇ ಇಂದಿನ ಹಗೆ. ತೆಲುಗಿನಲ್ಲಿ 'ಪಗ', ತಮಿಳಿನಲ್ಲಿ 'ಪಗೈ'. ಕನ್ನಡದಲ್ಲಿ ಮಾತ್ರ ಪಕಾರ ಹಕಾರವಾಯಿತು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ. ಅಕ್ಷರ ಮೆತ್ತಗಾದರೂ ಅರ್ಥ ಮೆತ್ತಗಾಗಲಿಲ್ಲ. ಹಗೆಯನ್ನು ಸಾಧಿಸುತ್ತಾರೆ, ಮುನಿಸನ್ನು ಸಾಧಿಸುವುದಿಲ್ಲ. ನಮ್ಮ ಸೀಮೆಯಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡುತ್ತಿದ್ದರಷ್ಟೆ. ಹಗೆಯನ್ನೂ ಹಾಗೆಯೇ ಮುಚ್ಚಿಟ್ಟು ಮೊಮ್ಮಕ್ಕಳವರೆಗೆ ಉಳಿಸುವ ಮನೆಗಳುಂಟು. ಇಂಗ್ಲಿಷಿನಲ್ಲಿ ಅದಕ್ಕೆ 'ಫ್ಯೂಡ್' ಎನ್ನುತ್ತಾರೆ. ಆದರೆ ರಾಯಲಸೀಮೆಯಲ್ಲಿ ಆ ಜಾಗಕ್ಕೆ ಬಂದು ಕುಳಿತಿರುವುದು 'ಫ್ಯಾಕ್ಷನ್' ಎಂಬ ಪದ. ಇಂಗ್ಲಿಷ್ ನಿಘಂಟಿನಲ್ಲಿ ಫ್ಯಾಕ್ಷನ್ ಎಂದರೆ ಒಂದು ಪಕ್ಷದೊಳಗಿನ ಒಳಗುಂಪು, ಅಷ್ಟೇ. ರಕ್ತದ ಕಲೆ ಅದಕ್ಕಿಲ್ಲ. ಇಲ್ಲಿ ಮಾತ್ರ 'ಅದು ಫ್ಯಾಕ್ಷನ್ ಊರು' ಎಂದರೆ ಹೆಣ್ಣು ಕೊಡುವವರು ಹಿಂದೆಮುಂದೆ ನೋಡುತ್ತಾರೆ. ಬೆಂಗಳೂರಿನ ನೆಂಟರು ಪತ್ರಿಕೆಯಲ್ಲಿ ಆ ಪದವನ್ನು ಓದಿ ಪಕ್ಷದ ಒಳಜಗಳವೆಂದು ತಿಳಿದರೆ ಅವರ ತಪ್ಪಲ್ಲ. ಹಾಗೆಯೇ, ಎರಡು ಮನೆಯ ಮಾತಿನ ಜಗಳವನ್ನು ನಾವು ಫ್ಯಾಕ್ಷನ್ ಎಂದು ಬರೆದು ಕಳುಹಿಸಿದರೆ ತಪ್ಪು ನಮ್ಮದು.

ಹಗೆಗೂ ಮನಸ್ತಾಪಕ್ಕೂ ನಡುವಿನ ಗೆರೆಯನ್ನು ತಿಳಿಯುವುದಕ್ಕೆ ಹಳ್ಳಿಯಲ್ಲಿ ಒಂದು ಪರೀಕ್ಷೆಯಿದೆ. ಯಾವ ನಿಘಂಟಿನಲ್ಲಿಯೂ ನಾನು ಅದನ್ನು ಕಂಡಿಲ್ಲ. ಆ ಮನೆಯಲ್ಲಿ ಸಾವಾದರೆ ಇವರು ಹೋಗುವರೇ? ಮದುವೆಗೆ ಹೋಗದವರು, ಹಬ್ಬಕ್ಕೆ ಕರೆಯದವರು, ಎದುರಿಗೆ ಸಿಕ್ಕರೆ ಓಣಿ ಬದಲಿಸುವವರು ಕೂಡ ಸಾವಿನ ಸುದ್ದಿ ಬಂದೊಡನೆ ಹೆಗಲ ಮೇಲೆ ಟವಲು ಹಾಕಿಕೊಂಡು ಹೊರಟರೆ, ಅವರ ನಡುವೆ ಇದ್ದದ್ದು ಮುನಿಸು, ಹೆಚ್ಚೆಂದರೆ ಮನಸ್ತಾಪ. ಸಾವಿಗೂ ಹೋಗದಿದ್ದರೆ ಅದು ಹಗೆ. ತರಗತಿಯಲ್ಲಿ ಇಂಗ್ಲಿಷ್ ಪದಗಳನ್ನು ಹೇಳಿಕೊಡುವಾಗ ಈ ಪರೀಕ್ಷೆಯನ್ನೇ ಬಳಸುತ್ತೇನೆ. 'ಎನ್ಮಿಟಿ' ಇದ್ದವರು ಸಾವಿಗೆ ಹೋಗುವುದಿಲ್ಲ. 'ನಾಟ್ ಆನ್ ಸ್ಪೀಕಿಂಗ್ ಟರ್ಮ್ಸ್' ಎಂಬ ಸ್ಥಿತಿಯಲ್ಲಿ, ಎಂದರೆ ಮಾತು ಬಿಟ್ಟ ಸ್ಥಿತಿಯಲ್ಲಿ, ಇರುವವರು ಹೋಗುತ್ತಾರೆ. 'ಎಸ್ಟ್ರೇಂಜ್ಡ್' ಆದವರು, ಎಂದರೆ ತಮ್ಮವರೇ ಪರಕೀಯರಾಗಿ ಹೋದವರು, ಹೋಗಲೋ ಬೇಡವೋ ಎಂದು ಬಸ್ ನಿಲ್ದಾಣದಲ್ಲಿ ನಿಂತು ಯೋಚಿಸುತ್ತಾರೆ. 'ಗ್ರಜ್' ಇಟ್ಟುಕೊಂಡವನು ಹೋಗುತ್ತಾನೆ, ಆದರೆ ಊಟಕ್ಕೆ ನಿಲ್ಲುವುದಿಲ್ಲ. ಮಕ್ಕಳು ನಗುತ್ತಾರೆ, ಆದರೆ ಪರೀಕ್ಷೆಯಲ್ಲಿ ಮರೆಯುವುದಿಲ್ಲ.

ಈ ಮಕ್ಕಳಿಗೆ ಇನ್ನೊಂದು ಪದ ನನಗಿಂತ ಚೆನ್ನಾಗಿ ಗೊತ್ತು: 'ಅನ್‌ಫ್ರೆಂಡ್'. 2009ರಲ್ಲಿ ಆಕ್ಸ್‌ಫರ್ಡಿನ ಅಮೆರಿಕನ್ ನಿಘಂಟಿನವರು ಅದನ್ನು ವರ್ಷದ ಪದವೆಂದು ಆರಿಸಿದರು. ಫೇಸ್‌ಬುಕ್ಕಿನಲ್ಲಿ ಗೆಳೆಯರ ಪಟ್ಟಿಯಿಂದ ಹೆಸರು ತೆಗೆಯುವುದಕ್ಕೆ ಆ ಕ್ರಿಯಾಪದ. ಹೊಸದೆಂದು ಎಲ್ಲರೂ ಮೆಚ್ಚಿದರು. ಗೆಳೆಯನಲ್ಲದವನು ಎಂಬ ನಾಮಪದವಾಗಿ ಅದು ಇಂಗ್ಲಿಷಿನಲ್ಲಿ ಶತಮಾನಗಳ ಹಿಂದೆಯೇ ಇತ್ತು. ನಮ್ಮ ಒಂದನೆಯ ತರಗತಿಯವರು ಕಿರುಬೆರಳು ಮುಂದೆ ಮಾಡಿ 'ಠೂ' ಬಿಡುವುದೂ ಅದೇ ಕೆಲಸವೇ. ಆದರೆ ಠೂ ಬಿಡುವುದಕ್ಕೆ ಎದುರಿಗೆ ಬಂದು ನಿಲ್ಲಬೇಕು.

ಇಷ್ಟೆಲ್ಲ ಛಾಯೆಗಳನ್ನು ಒಂದು ಪುಟ್ಟ ನಿಘಂಟು ಹೇಗೆ ಹೊರಬೇಕು ಎಂದು ಕೇಳಬಹುದು. ನಿಘಂಟುಕಾರರನ್ನು ದೂರುವ ಉದ್ದೇಶ ನನಗಿಲ್ಲ. ಕನ್ನಡಕ್ಕೂ ಇಂಗ್ಲಿಷಿಗೂ ಸೇತುವೆ ಕಟ್ಟುವ ಮೊದಮೊದಲ ದೊಡ್ಡ ಕೆಲಸ ನಡೆದುದು ನಮ್ಮ ನೆರೆಯ ಬಳ್ಳಾರಿಯಲ್ಲಿಯೇ. ಲಂಡನ್ ಮಿಷನ್ ಸಂಸ್ಥೆಯಿಂದ ಅಲ್ಲಿಗೆ ಬಂದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದರು. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯೊಳಗೇ ಇತ್ತು. ಕಡಪದಲ್ಲಿ ಅಧಿಕಾರಿಯಾಗಿದ್ದ ಸಿ. ಪಿ. ಬ್ರೌನ್ ಅವರ ತೆಲುಗು-ಇಂಗ್ಲಿಷ್ ನಿಘಂಟು 1852ರದು. ಮಂಗಳೂರಿನಿಂದ ಕಿಟ್ಟೆಲ್ ಅವರ ಮಹಾನಿಘಂಟು ಬಂದುದು 1894ರಲ್ಲಿ. ಅವರೆಲ್ಲ ಹಳ್ಳಿಯವರ ಬಾಯಿಂದ ಗಾದೆಗಳನ್ನೂ ನುಡಿಗಟ್ಟುಗಳನ್ನೂ ಕೇಳಿ ಬರೆದುಕೊಂಡವರು. ಅಂಥ ಬೃಹದ್ಗ್ರಂಥಗಳನ್ನು ಹಿಂಡಿ ಕಿಸೆಯಲ್ಲಿ ಇಡುವಷ್ಟು ಮಾಡಿದಾಗ ಮೊದಲು ಸೋರಿಹೋಗುವುದು ಇಂಥ ಛಾಯೆಗಳೇ. ಅದನ್ನು ತಿಳಿಯದೆ ಕಿಸೆಯ ಪುಸ್ತಕವನ್ನು ನಂಬಿದ ದೋಷ ನನ್ನದು.

ದೋಷದ ಫಲ ಗಡಿಯವರಿಗೆ ಹೆಚ್ಚು ತಟ್ಟುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದುವು. ಉಳಿದವು ಮೈಸೂರಿಗೆ ಹೋದುವು. ಮಡಕಶಿರ ಮೊದಲೇ ಅನಂತಪುರದೊಳಗಿದ್ದು, 2022ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗೆರೆ ಎಲ್ಲಿ ಎಳೆದರೂ ನೆಂಟಸ್ತಿಕೆ ಮೊದಲಿನ ಹಾಗೆಯೇ ಮೊಳಕಾಲ್ಮೂರು, ಬಳ್ಳಾರಿ, ಪಾವಗಡ, ಸಿರಾಗಳಿಗೆ ಹರಡಿದೆ. ಒಂದೇ ಮನೆಯ ಮಕ್ಕಳಲ್ಲಿ ಒಬ್ಬನು ಕನ್ನಡ ಓದುತ್ತಾನೆ, ಒಬ್ಬಳು ತೆಲುಗು ಓದುತ್ತಾಳೆ, ಪಟ್ಟಣದಲ್ಲಿರುವವನಿಗೆ ಇಂಗ್ಲಿಷ್ ಮಾತ್ರ. ಎದುರಿಗೆ ಕುಳಿತರೆ ಎಲ್ಲರೂ ಕನ್ನಡದಲ್ಲಿಯೇ ಜಗಳವಾಡುತ್ತಾರೆ, ಕನ್ನಡದಲ್ಲಿಯೇ ರಾಜಿಯಾಗುತ್ತಾರೆ. ಬರೆಯಬೇಕಾಗಿ ಬಂದಾಗ ಮೂರನೆಯವರ ಭಾಷೆ ನಡುವೆ ಬರುತ್ತದೆ. ತೆಲುಗು ನಮಗೆ ಅಕ್ಕನ ಮನೆ. ಅಲ್ಲಿ ಮನಸ್ತಾಪವೆಂದರೆ 'ಮನಸ್ಪರ್ಧ' ಎಂದು ಅರ್ಥವಾಗುವ ಮಂದಿ ಇದ್ದಾರೆ. ಇಂಗ್ಲಿಷಿನಲ್ಲಿ ಹಾಗಲ್ಲ. ಈಗ ಫೋನ್ ಇರುವುದರಿಂದ ಕಾಗದದ ಕಾಲ ಮುಗಿಯಿತು ಎನ್ನುವವರಿಗೆ, ಕಾಗದಕ್ಕಿಂತ ಅವಸರವಾಗಿ ಬರೆಯುವ ವಾಟ್ಸ್‌ಆ್ಯಪ್ ಸಂದೇಶಗಳನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ತಂದು ತೋರಿಸುವುದನ್ನು ನಾನು ತೋರಿಸಬಲ್ಲೆ. ಕಳೆದ ವರ್ಷ ಒಬ್ಬ ಹುಡುಗಿ ತನ್ನ ಸೋದರಮಾವನಿಗೆ 'ಯೂ ಆರ್ ಹಾಸ್ಟೈಲ್ ಟು ಅಸ್' ಎಂದು ಬರೆದಿದ್ದಳು. ಆಕೆ ಹೇಳಬೇಕೆಂದಿದ್ದುದು, ಮಾವ ಈಚೆಗೆ ನಮ್ಮ ಮನೆಯ ಕಡೆ ಬರುತ್ತಲೇ ಇಲ್ಲ ಎಂದು.

ತಮ್ಮನ ಮಗನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರವನ್ನು ಹೇಳಿಬಿಡುತ್ತೇನೆ. ಮುನಿಸಿಗೆ ಇಂಗ್ಲಿಷಿನಲ್ಲಿ ಒಂದೇ ಪದವಿಲ್ಲ. ಹತ್ತಿರದ ನುಡಿ 'ಫೆಲ್ ಔಟ್'. ಗೆಳೆಯರು, ಒಡಹುಟ್ಟಿದವರು ಜಗಳವಾಡಿ ಮಾತು ಬಿಟ್ಟಾಗ ಇಂಗ್ಲಿಷಿನವರು ಮನೆಮಾತಿನಲ್ಲಿ ಹಾಗೆನ್ನುತ್ತಾರೆ. ಬಳಕೆಯಿಲ್ಲದವರ ನಡುವೆ ಆ ನುಡಿ ಸಲ್ಲುವುದಿಲ್ಲ. ಮೊದಲು ಕೂಡಿದ್ದವರೇ ಬಿಡಬೇಕು. ಬಿಟ್ಟವರು ಮತ್ತೆ ಕೂಡಿದರೆ 'ಮೇಡ್ ಅಪ್' ಎನ್ನುತ್ತಾರೆ. ಆ ಕಾಗದದಲ್ಲಿ ನಾನು ಬರೆಯಬೇಕಾಗಿದ್ದುದು ಇಷ್ಟೇ: 'ನಿನ್ನ ತಂದೆಯೂ ನಾನೂ ಒಂದಷ್ಟು ಕಾಲ ಮಾತು ಬಿಟ್ಟಿದ್ದೆವು. ಒಬ್ಬರಿಗೊಬ್ಬರು ನೊಂದುಕೊಂಡಿದ್ದೆವು. ಈಗ ನನ್ನ ಮನಸ್ಸಿನಲ್ಲಿ ಏನೂ ಇಲ್ಲ. ನಿನ್ನ ತಂಗಿಯ ಮದುವೆಗೆ ಬಾ.' ಇದರಲ್ಲಿ ತೂಕದ ಪದ ಒಂದೂ ಇಲ್ಲ. ಎಂಟನೆಯ ತರಗತಿಯ ಇಂಗ್ಲಿಷ್ ಸಾಕಾಗಿತ್ತು. 'ನಿನ್ನ ತಂಗಿ' ಎಂಬುದನ್ನು ಹಾಗೆಯೇ 'ಯುವರ್ ಸಿಸ್ಟರ್' ಎಂದು ಬಿಟ್ಟಿದ್ದರೂ ಆತನಿಗೆ ತಿಳಿಯುತ್ತಿತ್ತು. ಇಂಗ್ಲಿಷ್ ಓದಿದವರಾದರೂ ಆತ ನಮ್ಮ ಮನೆಯ ಹುಡುಗನಷ್ಟೆ.

ಆ ಹಿರಿಯರು 2011ರಲ್ಲಿ ತೀರಿಕೊಂಡರು. ಹೈದರಾಬಾದಿನಿಂದ ತಮ್ಮನ ಮಗ ರಾತ್ರಿಯ ಬಸ್ಸಿಗೆ ಬಂದು ಬೆಳಗಾಗುವುದರೊಳಗೆ ಅಂಗಳದಲ್ಲಿದ್ದರು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಶಾಲೆಗೆ ಬಂದು, ಮಡಿಕೆಗಳಲ್ಲಿ ಹರಿಯುವಂತಾಗಿದ್ದ ಆ ಇನ್‌ಲ್ಯಾಂಡ್ ಕಾಗದವನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು. 'ಎನ್ಮಿಟಿ' ಎಂಬ ಪದವನ್ನು ನನ್ನ ಕೈಯಿಂದಲೇ ಹೊಡೆದುಹಾಕಿಸಿ, ಅದರ ಮೇಲೆ ಕನ್ನಡದಲ್ಲಿ 'ಮುನಿಸು' ಎಂದು ಬರೆಸಿಕೊಂಡರು. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ಇದು ಮು, ಇದು ನಿ, ಇದು ಸು ಎಂದು ನನ್ನಿಂದ ಹೇಳಿಸಿಕೊಂಡು, ಕಾಗದವನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟರು.